ಅಂಟು ಹಾಕೋ ಮುಂಚೆ ಕೂರಿಸಿ ನೋಡಿ: ಕಿಟ್‌ನ ಜೀಪನ್ನು ನಮ್ಮೂರ ಜೀಪು ಮಾಡೋದು ಹೇಗೆ?

ಪ್ಲಾಸ್ಟಿಕ್ ಮಾಡೆಲ್ ಕಾರಿನ ಕಿಟ್ ಕೈಗೆ ಬಂದ್ರೆ ನಮ್ಮಲ್ಲಿ ಹೆಚ್ಚಿನವರು ಮೊದಲು ತೆಗೆಯೋದು ಅಂಟಿನ ಮುಚ್ಚಳ. ಸೂಚನೆಯ ಹಾಳೆಯಲ್ಲಿ ಒಂದು, ಎರಡು, ಮೂರು ಅಂತ ಕೊಟ್ಟಿರುವ ಹಾಗೆ ಅಂಟಿಸ್ತಾ ಹೋದರೆ ಸಂಜೆಯೊಳಗೆ ಗಾಡಿ ರೆಡಿ. ಡಬ್ಬದ ಮೇಲಿನ ಚಿತ್ರದಲ್ಲಿರುವ ಗಾಡಿಯೇ ಬೇಕು ಅನ್ನೋರಿಗೆ ಅಷ್ಟು ಸಾಕು. ಆದರೆ ನಮಗೆ ಬೇಕಾಗಿರೋದು ಡಬ್ಬದ ಗಾಡಿಯಲ್ಲ, ನಮ್ಮೂರಿನ ಗಾಡಿ ಅಂದ್ರೆ ಏನು ಮಾಡೋದು? ಈ ಪಾಠ ಅಂಥವರಿಗೆ.

ನಮ್ಮ ಸಂಘದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದವರು ಸಾಕಷ್ಟು ಜನ ಇದ್ದೇವೆ. ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಕೊಡಗಿನ ತೋಟಗಳು, ನಡುವೆ ಹೊಗೆಸೊಪ್ಪಿನ ಹೊಲ, ಭತ್ತದ ಗದ್ದೆ. ಇಂಥ ದಾರಿಗಳಲ್ಲಿ ಓಡಾಡಿದ ಗಾಡಿ ಅಂದ್ರೆ ಕಣ್ಣ ಮುಂದೆ ಬರೋದು ಹಳೇ ಮಹೀಂದ್ರ ಜೀಪು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಕೊನೆಯಲ್ಲಿ ಹೇಳ್ತೀವಿ.

ಡಬ್ಬದಲ್ಲಿರೋ ಜೀಪು, ಊರಲ್ಲಿರೋ ಜೀಪು

ಮಾಡೆಲ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನ ಕಿಟ್. ಜಪಾನಿನ ತಮಿಯಾ ಕಂಪನಿಯದು 1:35 ಅಳತೆಯಲ್ಲಿದೆ, ಇಟಲಿಯ ಇಟಲೇರಿಯದು 1:24ರಲ್ಲಿದೆ. ನಮ್ಮ ಕಡೆ ಓಡಿದ್ದು ಅದರ ವಂಶದ್ದೇ ಆದ ಸಿಜೆ-3ಬಿ ಮಾದರಿ. ಅಮೆರಿಕದಲ್ಲಿ ವಿಲ್ಲೀಸ್ ಇದನ್ನು 1953ರಲ್ಲಿ ಹೊರತಂದಿತು. ಆಮೇಲೆ ಮಹೀಂದ್ರ ಇದನ್ನು ಲೈಸೆನ್ಸ್ ಪಡೆದು ದಶಕಗಳ ಕಾಲ ಭಾರತದಲ್ಲಿ ತಯಾರಿಸಿತು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೊದಲು ಕಾಣೋ ವ್ಯತ್ಯಾಸ ಬಾನೆಟ್. ಎಂಬಿಯ ಬಾನೆಟ್ ತಗ್ಗು, ಸಿಜೆ-3ಬಿಯದು ಎತ್ತರ. ಇದು ಅಂದಕ್ಕೆ ಮಾಡಿದ್ದಲ್ಲ. ಹಳೆಯ ಎಂಜಿನ್‌ನಲ್ಲಿ ಎರಡೂ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇದ್ದವು. ಹೊಸ ಹರಿಕೇನ್ ಎಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಹೆಡ್‌ಗೆ ಹೋಯಿತು, ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚೋಕೆ ಬಾನೆಟ್ಟೂ ಎತ್ತರವಾಯಿತು. ಅಷ್ಟೆ.

ಸಮಾಧಾನದ ಸಂಗತಿ ಏನಂದ್ರೆ ಎರಡರ ವೀಲ್‌ಬೇಸೂ ಒಂದೇ: 80 ಇಂಚು, ಅಂದರೆ 2,032 ಮಿ.ಮೀ. ಹಾಗಾಗಿ ಕಿಟ್‌ನ ಚಾಸಿ, ಆಕ್ಸಲ್, ಚಕ್ರಗಳ ಜಾಗ ಹಾಗೇ ಇರಲಿ. ಬದಲಾಯಿಸಬೇಕಾದ್ದು ಇಷ್ಟು:

1. ಬಾನೆಟ್ ಮತ್ತು ಅದರ ಮುಂದಿನ ಜಾಲರಿ. ಎಂಬಿಯ ಜಾಲರಿಗೆ 9 ಸೀಳು, ಸಿಜೆಗೆ 7. ಹೆಡ್‌ಲೈಟೂ ಸಿಜೆಯಲ್ಲಿ ದೊಡ್ಡದು.
2. ಮುಂದಿನ ಗ್ಲಾಸು. ಕಿಟ್‌ನದು ಎರಡು ಭಾಗದ್ದು.
3. ಸ್ಟೀರಿಂಗ್. ಕಿಟ್‌ನ ಡ್ರೈವರ್ ಎಡಗಡೆ ಕೂರ್ತಾನೆ, ನಮ್ಮವರು ಬಲಗಡೆ.
4. ಹಿಂಭಾಗ. ಎಂಬಿಗೆ ಹಿಂದೆ ಬಾಗಿಲಿಲ್ಲ, ಸಿಜೆಗೆ ಇಳಿಸೋ ಬಾಗಿಲು ಇದೆ.
5. ಸ್ಟೆಪ್ನಿ, ಟಾಪು, ನಂಬರ್ ಪ್ಲೇಟು.

ಒಂದು ಎಚ್ಚರಿಕೆ. ಮಹೀಂದ್ರ ಜೀಪುಗಳೆಲ್ಲ 80 ಇಂಚಿನವಲ್ಲ, ವೀಲ್‌ಬೇಸ್ ಉದ್ದ ಇರೋ ಮಾದರಿಗಳೂ ಇವೆ. ನಿಮ್ಮ ಊರಿನ ಜೀಪನ್ನೇ ಮಾಡೋದಾದರೆ ಮೊದಲು ಟೇಪು ಹಿಡಿದು ಚಕ್ರದ ನಡುವಿಂದ ಚಕ್ರದ ನಡುವಿಗೆ ಅಳೆಯಿರಿ. ಅದು 80 ಇಂಚಿಗಿಂತ ಹೆಚ್ಚಿದ್ದರೆ ಚಾಸಿಯನ್ನೂ ಕತ್ತರಿಸಿ ಉದ್ದ ಮಾಡಬೇಕಾಗುತ್ತೆ, ಅದು ಬೇರೆಯದೇ ಕೆಲಸ.

ಕೂರಿಸಿ ನೋಡೋದು ಅಂದ್ರೆ ಏನು?

ದರ್ಜಿ ಹೊಸ ಅಂಗಿಗೆ ಮೊದಲು ಕಚ್ಚಾ ಹೊಲಿಗೆ ಹಾಕ್ತಾನೆ. ಅದನ್ನು ತೊಡಿಸಿ, ಭುಜ ಸರಿಯಿದೆಯಾ, ತೋಳು ಎಳೀತಿದೆಯಾ ಅಂತ ನೋಡಿ, ಆಮೇಲೆ ಮಷೀನಿಗೆ ಕೂರ್ತಾನೆ. ಕಚ್ಚಾ ಹೊಲಿಗೆಯ ಗುಣವೇ ಬಿಚ್ಚೋಕೆ ಬರೋದು. ಮಾಡೆಲ್ ಕೆಲಸದಲ್ಲಿ ಮಾಕ್‌ಅಪ್ ಅಂತಾರಲ್ಲ, ಅದೂ ಇದೇ. ಅಂಟಿಲ್ಲದೆ, ಟೇಪಿನಿಂದ, ಬ್ಲೂ ಟ್ಯಾಕ್‌ನಿಂದ ಇಡೀ ಗಾಡಿಯನ್ನು ಒಮ್ಮೆ ನಿಲ್ಲಿಸಿ ನೋಡೋದು.

ಇದು ಹವ್ಯಾಸಿಗಳು ಮಾತ್ರ ಮಾಡೋ ಕೆಲಸವಲ್ಲ. ಜನರಲ್ ಮೋಟರ್ಸ್ 1927ರಲ್ಲಿ ಹಾರ್ಲಿ ಅರ್ಲ್ ಕೈಕೆಳಗೆ ವಿನ್ಯಾಸ ವಿಭಾಗ ತೆರೆದಾಗಿನಿಂದ ಕಾರಿನ ರೂಪವನ್ನು ಜೇಡಿಮಣ್ಣಿನಲ್ಲಿ ಮಾಡಿ ನೋಡೋ ಪದ್ಧತಿ ಆ ಉದ್ಯಮದಲ್ಲಿ ಬೇರೂರಿತು. ಕಂಪ್ಯೂಟರ್ ಬಂದ ಮೇಲೂ ಅದು ಪೂರ್ತಿ ಹೋಗಿಲ್ಲ. ಮಾಡೆಲ್ ಕಿಟ್‌ನ ಲೋಕದಲ್ಲಿ ಬದಲಾವಣೆಗೆ ದಾರಿ ಮಾಡಿಕೊಟ್ಟಿದ್ದು ಅಮೆರಿಕದ ಎಎಂಟಿ ಕಂಪನಿ. 1958ರಲ್ಲಿ ಅದು 1:25 ಅಳತೆಯ 'ಒಂದರಲ್ಲಿ ಮೂರು' ಕಿಟ್‌ಗಳನ್ನು ತಂದಿತು. ಒಂದೇ ಡಬ್ಬದಿಂದ ಕಾರ್ಖಾನೆಯ ಕಾರು, ರೇಸ್ ಕಾರು, ಇಲ್ಲವೇ ಮನಸ್ಸಿಗೆ ಬಂದಂತೆ ಬದಲಾಯಿಸಿದ ಕಾರು, ಯಾವುದನ್ನಾದ್ರೂ ಮಾಡಬಹುದಿತ್ತು. ಯಾವ ಭಾಗ ಬೇಕು ಅಂತ ಆರಿಸಬೇಕಾದಾಗ ಅಂಟಿಸೋ ಮುಂಚೆ ಕೂರಿಸಿ ನೋಡೋದು ಅನಿವಾರ್ಯ ಆಗುತ್ತೆ.

ಲೆಕ್ಕ ಮೊದಲು, ಬ್ಲೇಡು ಆಮೇಲೆ

ಯಾವ ಅಳತೆಯ ಕಿಟ್ ತಗೊಂಡ್ರೂ ಈ ನಾಲ್ಕು ಸಾಲನ್ನು ಮೊದಲು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ವೀಲ್‌ಬೇಸ್ 2,032 ಮಿ.ಮೀ.: 1:24ರಲ್ಲಿ 84.7, 1:25ರಲ್ಲಿ 81.3, 1:35ರಲ್ಲಿ 58.1 ಮಿ.ಮೀ.

ಟೈರು 6.00-16: ರಿಮ್ 16 ಇಂಚು, ಮೇಲೂ ಕೆಳಗೂ ತಲಾ 6 ಇಂಚು, ಒಟ್ಟು ಸುಮಾರು 28 ಇಂಚು, ಅಂದರೆ 711 ಮಿ.ಮೀ. ಇದು 1:24ರಲ್ಲಿ 29.6, 1:35ರಲ್ಲಿ 20.3 ಮಿ.ಮೀ.

ನಂಬರ್ ಪ್ಲೇಟು 500×120 ಮಿ.ಮೀ.: 1:24ರಲ್ಲಿ 20.8×5.

ನಂಬರ್ ಪ್ಲೇಟು 340×200 ಮಿ.ಮೀ.: 1:24ರಲ್ಲಿ 14.2×8.3.

ಮೊದಲ ಸಾಲನ್ನು ನೋಡಿ. 1:24ಕ್ಕೂ 1:25ಕ್ಕೂ ವೀಲ್‌ಬೇಸಿನಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ. 'ಎರಡೂ ಹತ್ತಿರಹತ್ತಿರ, ಒಂದರ ಚಾಸಿ ಇನ್ನೊಂದಕ್ಕೆ ಕೂರುತ್ತೆ' ಅನ್ನೋದು ಚಕ್ರ, ಸೀಟುಗಳ ಮಟ್ಟಿಗೆ ನಡೆದೀತು, ಬಾಡಿಗೆ ನಡೆಯೋಲ್ಲ.

ಇನ್ನು ಬಾನೆಟ್ ಎತ್ತರ ಎಷ್ಟು? ಇದಕ್ಕೆ ಉತ್ತಮ ದಾರಿ ಜೀಪನ್ನೇ ಅಳೆಯೋದು. ಗಾಡಿಯವರನ್ನು ಕೇಳಿ: "ಅಣ್ಣಾ, ಸ್ವಲ್ಪ ಗಾಡಿ ಅಳತೆ ತಗೋಬೋದಾ? ಕಾಲೇಜಿಗೆ ಮಾಡೆಲ್ ಮಾಡ್ತಾ ಇದೀವಿ." ಹಳೇ ಜೀಪು ಇಟ್ಟುಕೊಂಡೋರಿಗೆ ಅದರ ಬಗ್ಗೆ ಮಾತಾಡೋಕೆ ಇಷ್ಟ ಇರುತ್ತೆ. ಅಳತೆ ಜೊತೆಗೆ ಕಥೆಯೂ ಸಿಗಬಹುದು.

ಅಳೆಯೋಕೆ ಆಗದಿದ್ದರೆ ಫೋಟೋದಿಂದ ಲೆಕ್ಕ ಹಾಕಬಹುದು. ಗಾಡಿಯ ಪಕ್ಕದಿಂದ ನೇರವಾಗಿ ತೆಗೆದ ಫೋಟೋದಲ್ಲಿ ಎರಡು ಚಕ್ರದ ನಡುವಿನ ದೂರ 1,016 ಪಿಕ್ಸೆಲ್ ಇದೆ ಅಂದುಕೊಳ್ಳಿ. ಅದು ನಿಜದಲ್ಲಿ 2,032 ಮಿ.ಮೀ. ಹಾಗಾದ್ರೆ ಒಂದು ಪಿಕ್ಸೆಲ್‌ಗೆ 2 ಮಿ.ಮೀ. ಉಳಿದ ಅಳತೆಗಳನ್ನೆಲ್ಲ ಇದೇ ಲೆಕ್ಕದಲ್ಲಿ ತೆಗೆಯಬಹುದು.

ಆದರೆ ಇಲ್ಲೊಂದು ಗುಂಡಿ ಇದೆ. ಬಾನೆಟ್‌ನ ಪಕ್ಕ ಚಕ್ರದ ಹೊರಮೈಗಿಂತ ಒಳಗಿರುತ್ತೆ. ಅದು 30 ಸೆಂ.ಮೀ. ಒಳಗಿದೆ ಅಂತಿಟ್ಟುಕೊಳ್ಳೋಣ. ನೀವು 3 ಮೀಟರ್ ದೂರದಲ್ಲಿ ನಿಂತು ಫೋಟೋ ತೆಗೆದ್ರೆ ಬಾನೆಟ್ ಕ್ಯಾಮೆರಾದಿಂದ 3.3 ಮೀಟರ್ ದೂರದಲ್ಲಿರುತ್ತೆ, ಅಳತೆ ಸುಮಾರು 9% ಕಮ್ಮಿ ಬರುತ್ತೆ. 10 ಮೀಟರ್ ದೂರ ಹೋಗಿ ಜೂಮ್ ಮಾಡಿದ್ರೆ ತಪ್ಪು 3%ಗೆ ಇಳಿಯುತ್ತೆ. ಅದಕ್ಕೇ ದೂರ ನಿಲ್ಲಿ, ಕ್ಯಾಮೆರಾವನ್ನು ಬಾನೆಟ್‌ನ ಎತ್ತರಕ್ಕೆ ಹಿಡೀರಿ, ಗಾಡಿಗೆ ಲಂಬವಾಗಿ ನಿಲ್ಲಿ. ಮೊಬೈಲಿನ ವೈಡ್ ಲೆನ್ಸ್ ಮಾತ್ರ ಬೇಡ.

ಮಾಕ್‌ಅಪ್‌ನ ಹಂತಗಳು

*ತೊಳೆಯೋದು.* ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸೋ ಮುಂಚೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸೋಕೆ ಬಳಸಿದ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯೋಲ್ಲ.

*ಕತ್ತರಿಸೋದು.* ಭಾಗಕ್ಕೆ ಅಂಟಿಕೊಂಡೇ ಕತ್ತರಿಸಬೇಡಿ. ಸ್ವಲ್ಪ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಬ್ಲೇಡಿನಿಂದ ತೆಗೆದು, ಉಪ್ಪುಕಾಗದದಿಂದ ಉಜ್ಜಿ. ಬ್ಲೇಡು ಯಾವಾಗಲೂ ಕೈಯಿಂದ ಆಚೆ ಹೋಗಲಿ.

*ನಿಲ್ಲಿಸೋದು.* ಚಾಸಿಗೆ ಆಕ್ಸಲ್, ಚಕ್ರಗಳನ್ನು ಬ್ಲೂ ಟ್ಯಾಕ್‌ನಿಂದ ಕೂರಿಸಿ ಗಾಜಿನ ತುಂಡಿನ ಮೇಲೆ ಇಡಿ. ಗಾಜು ಸಪಾಟಾಗಿರುತ್ತೆ, ನಾಲ್ಕು ಚಕ್ರವೂ ನೆಲ ಮುಟ್ಟುತ್ತಾ ಅಂತ ತಕ್ಷಣ ಗೊತ್ತಾಗುತ್ತೆ. ಒಂದು ಚಕ್ರ ಎದ್ದಿದ್ದರೆ ಚಾಸಿ ತಿರುಚಿದೆ ಅಂತ ಅರ್ಥ. ಅಂಟು ಹಾಕೋ ಮುಂಚೆ ಇದನ್ನು ಸರಿ ಮಾಡೋಕೆ ಐದು ನಿಮಿಷ ಸಾಕು. ಅಂಟು ಹಾಕಿದ ಮೇಲೆ ಮುರಿಯದೆ ಸರಿ ಮಾಡೋಕೆ ಆಗೋಲ್ಲ.

*ಬಾನೆಟ್‌ನ ಕಚ್ಚಾ ರೂಪ.* ಬೆಲೆಬಾಳುವ ಪ್ಲಾಸ್ಟಿಕ್ ಹಾಳೆಗೆ ಈಗಲೇ ಕೈ ಹಾಕಬೇಡಿ. ಮನೆಯಲ್ಲಿ ಲಗ್ನಪತ್ರಿಕೆಗಳು ಬಿದ್ದಿರುತ್ತವಲ್ಲ, ಆ ರಟ್ಟು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಡಿಸಿದರೆ ನಿಲ್ಲುತ್ತೆ, ಕತ್ತರಿಗೂ ಸುಲಭ. ಲೆಕ್ಕದಲ್ಲಿ ಬಂದ ಎತ್ತರಕ್ಕೊಂದು, ಅದಕ್ಕಿಂತ ಒಂದು ಮಿ.ಮೀ. ಜಾಸ್ತಿಗೊಂದು, ಕಮ್ಮಿಗೊಂದು, ಹೀಗೆ ಮೂರು ಬಾನೆಟ್ ಮಾಡಿ. ಒಂದೊಂದನ್ನೇ ಕೂರಿಸಿ, ಅಸಲಿ ಜೀಪಿನ ಫೋಟೋ ತೆಗೆದ ಕೋನದಿಂದಲೇ ಮಾಡೆಲ್‌ನ ಫೋಟೋ ತೆಗೀರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಯಾವುದು ಸರಿ ಅಂತ ಲೆಕ್ಕಕ್ಕಿಂತ ಮುಂಚೆ ಕಣ್ಣೇ ಹೇಳುತ್ತೆ. ಮುಂದಿನ ಗ್ಲಾಸಿನ ಚೌಕಟ್ಟನ್ನೂ ಈ ಹೊತ್ತಲ್ಲೇ ರಟ್ಟಿನಲ್ಲಿ ಮಾಡಿ ಇಟ್ಟು ನೋಡಿ. ಬಾನೆಟ್ ಏರಿದ ಮೇಲೆ ಕಿಟ್‌ನ ಗ್ಲಾಸು ಸರಿಯಾಗಿ ಕಾಣೋಲ್ಲ.

*ಬಲಗಡೆ ಸ್ಟೀರಿಂಗ್.* ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ಹಾಯುವ ಜಾಗ, ಪೆಡಲ್‌ಗಳು, ಇವನ್ನೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಬೇಕು. ಸೀಟಿನಲ್ಲಿ ಅದೇ ಅಳತೆಯ ಒಂದು ಬೊಂಬೆ ಕೂರಿಸಿ ನೋಡಿ. ಮೊಣಕಾಲು ಸ್ಟೀರಿಂಗಿಗೆ ತಗುಲಿದ್ರೆ ಏನೋ ತಪ್ಪಿದೆ. ಬಾನೆಟ್ ಮುಚ್ಚಿಯೇ ಇಡೋದಾದರೆ ಎಂಜಿನ್ ಪಕ್ಕದ ಸ್ಟೀರಿಂಗ್ ಬಾಕ್ಸನ್ನು ಬದಲಾಯಿಸೋ ಅಗತ್ಯ ಇಲ್ಲ.

ಎಲ್ಲ ಒಪ್ಪಿಗೆಯಾದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಫೋಟೋ ತೆಗೆದಿಟ್ಟು, ಪೂರ್ತಿ ಬಿಚ್ಚಿಬಿಡಿ. ಈಗ ರಟ್ಟಿನ ಬಾನೆಟ್ಟೇ ಪ್ಲಾಸ್ಟಿಕ್ ಹಾಳೆಗೆ ಅಚ್ಚು.

ತೂಕ ಕುಗ್ಗೋದು ಬೇರೆ ಥರ

ಮೆಕ್ಯಾನಿಕಲ್‌ನವರಿಗೆ ಇಷ್ಟವಾಗೋ ವಿಷಯ ಇದು. ಜೀಪಿನ ತೂಕ ಸುಮಾರು ಒಂದು ಟನ್. ಉದ್ದ 24 ಪಟ್ಟು ಕುಗ್ಗಿದ್ರೆ ತೂಕ ಕುಗ್ಗೋದು 24×24×24, ಅಂದರೆ 13,824 ಪಟ್ಟು. ಅದೇ ಉಕ್ಕಿನಲ್ಲಿ ಮಾಡಿದ್ದರೂ ನಮ್ಮ ಮಾಡೆಲ್ ತೂಗೋದು 72 ಗ್ರಾಂ ಆಸುಪಾಸು. ಕಿಟ್‌ನಲ್ಲಿರುವ ಕಮಾನು ಪಟ್ಟಿಗಳೋ ಒಂದೇ ಗಟ್ಟಿ ಎರಕ. ಹಾಗಾಗಿ ಅವು ಬಗ್ಗೋದೇ ಇಲ್ಲ.

ಅಸಲಿ ಜೀಪು ಹಾಗಲ್ಲ. ಸಂತೆಯ ದಿನ ಹಿಂದೆ ಜನ, ಮೂಟೆ ತುಂಬಿದ್ರೆ ಅದರ ಹಿಂಭಾಗ ಕುಗ್ಗುತ್ತೆ. ಅದು 5 ಸೆಂ.ಮೀ. ಕುಗ್ಗಿದ್ರೆ ಮಾಡೆಲ್‌ನಲ್ಲಿ 2.1 ಮಿ.ಮೀ. ಕಿಟ್‌ನಲ್ಲಿ ಇದು ತಾನಾಗೇ ಬರೋಲ್ಲ, ನಾವೇ ಆಕ್ಸಲ್ ಮೇಲೆ ಅಷ್ಟು ಉಜ್ಜಿ ಬಾಡಿಯನ್ನು ತಗ್ಗಿಸಬೇಕು. ಆದ್ದರಿಂದ ಮಾಕ್‌ಅಪ್ ಹಂತದಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಶೆಡ್ಡಿನಲ್ಲಿ ಖಾಲಿ ನಿಂತ ಜೀಪಾ, ಸಂತೆಗೆ ಹೊರಟ ಜೀಪಾ? ಖಾಲಿ ಗಾಡಿಯ ಮಟ್ಟದಲ್ಲಿ ನಿಲ್ಲಿಸಿ ಮೇಲೆ ಮೂಟೆ ಹೇರಿದ್ರೆ, ನೋಡೋರಿಗೆ ಕಾರಣ ಹೇಳೋಕೆ ಬರದಿದ್ದರೂ 'ಏನೋ ಸರಿಯಿಲ್ಲ' ಅನ್ಸುತ್ತೆ.

ದಪ್ಪದ್ದೂ ಇದೇ ಕಥೆ. 1 ಮಿ.ಮೀ. ಪ್ಲಾಸ್ಟಿಕ್ ಹಾಳೆ 1:24ರಲ್ಲಿ 24 ಮಿ.ಮೀ. ತಗಡಿಗೆ ಸಮ. ಅಷ್ಟು ದಪ್ಪದ ತಗಡು ಯಾವ ಜೀಪಿಗೂ ಇಲ್ಲ. ಪೂರ್ತಿ ಹಾಳೆಯನ್ನು ತೆಳು ಮಾಡಿದ್ರೆ ಬಾಡಿ ನಿಲ್ಲೋಲ್ಲ. ಹಿಂದಿನ ಬಾಗಿಲು, ಮಡ್‌ಗಾರ್ಡಿನ ಅಂಚು, ಹೀಗೆ ಕಣ್ಣಿಗೆ ಕಾಣೋ ಅಂಚುಗಳನ್ನು ಮಾತ್ರ ಒಳಗಡೆಯಿಂದ ಓರೆಯಾಗಿ ಉಜ್ಜಿ. ಅಂಚು ತೆಳುವಾಗಿ ಕಂಡರೆ ಇಡೀ ತಗಡು ತೆಳು ಅಂತ ಕಣ್ಣು ನಂಬುತ್ತೆ.

ಕಾಲೇಜಿನ ಲ್ಯಾಬಿನಲ್ಲಿ 3ಡಿ ಪ್ರಿಂಟರ್ ಇದ್ರೆ ಜಾಲರಿ, ರಿಮ್ ಅದರಲ್ಲಿ ಮಾಡಬಹುದು. ಆದರೆ 0.2 ಮಿ.ಮೀ. ಪದರ ಅಂದ್ರೆ ನಮ್ಮ ಅಳತೆಯಲ್ಲಿ ಸುಮಾರು 5 ಮಿ.ಮೀ. ಮೆಟ್ಟಿಲು. ಉಜ್ಜೋ ಕೆಲಸ ತಪ್ಪಿದ್ದಲ್ಲ.

ಅಂಟು ಮತ್ತು ಬಣ್ಣ

ಅಂಟು ಮೂರು ಥರ, ಮೂರಕ್ಕೂ ಬೇರೆ ಬೇರೆ ಕೆಲಸ. ಮಾಡೆಲ್ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತೆ, ಬಾಡಿ ಮತ್ತು ಚಾಸಿಗೆ ಅದೇ ಸರಿ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಅದರ ಆವಿ ಒಳ್ಳೇದಲ್ಲ. ಫೆವಿಕ್ವಿಕ್ ಥರದ್ದು ಲೋಹದ ತುಂಡಿಗೆ, 3ಡಿ ಪ್ರಿಂಟಿಗೆ ಸರಿ. ಗ್ಲಾಸಿನ ಹತ್ತಿರ ಮಾತ್ರ ಅದನ್ನು ತರಬೇಡಿ, ಅದರ ಆವಿಗೆ ಪಾರದರ್ಶಕ ಭಾಗ ಬೆಳ್ಳಗೆ ಮಂಜು ಹಿಡಿಯುತ್ತೆ. ಗ್ಲಾಸಿಗೆ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣೋದೇ ಇಲ್ಲ.

ಸಂದುಗಳಿಗೆ ಪುಟ್ಟಿ ತುಂಬಿ, 400ರ ವಾಟರ್ ಪೇಪರಿನಿಂದ ಶುರು ಮಾಡಿ 1000ದವರೆಗೆ ಉಜ್ಜಿ. ಬೂದು ಬಣ್ಣದ ಪ್ರೈಮರ್ ಹೊಡೆದಾಗ ಉಳಿದ ಗೀರುಗಳೆಲ್ಲ ಹೊರಗೆ ಬರ್ತವೆ. ಮತ್ತೆ ಉಜ್ಜಿ, ಮತ್ತೆ ಹೊಡೀರಿ. ಇನ್ನೊಂದು ಮಾತು: ಬಣ್ಣಕ್ಕೂ ದಪ್ಪ ಇದೆ. ಬಣ್ಣವಿಲ್ಲದಾಗ ಬಿಗಿಯಾಗಿ ಕೂತ ಭಾಗ ಬಣ್ಣ ಹೊಡೆದ ಮೇಲೆ ಕೂರೋಲ್ಲ. ಅದಕ್ಕೇ ಮಾಕ್‌ಅಪ್‌ನಲ್ಲಿ ಕೂಡುವ ಜಾಗಗಳನ್ನು ಗುರುತು ಮಾಡಿಕೊಂಡು, ಅಲ್ಲಿಗೆ ಟೇಪು ಹಚ್ಚಿ ಬಣ್ಣ ಹೊಡೀಬೇಕು. ಬೆಸೆಯುವ ಅಂಟಿಗೂ ಬರೀ ಪ್ಲಾಸ್ಟಿಕ್ಕೇ ಬೇಕು.

ಕೊನೆಗೆ ಮಣ್ಣು. ಕೋಟೆ ಕಡೆಯ ಕೆಮ್ಮಣ್ಣು ಮೆತ್ತದ ಜೀಪನ್ನು ನಮ್ಮ ಕಡೆಯವರು ಯಾರೂ ನಂಬೋಲ್ಲ. ಊರಿಂದ ಒಂದು ಪೊಟ್ಟಣ ಮಣ್ಣು ತಂದು ಹಾಗೇ ಉದುರಿಸಬೇಡಿ. 0.1 ಮಿ.ಮೀ. ಕಣವೂ ನಮ್ಮ ಅಳತೆಯಲ್ಲಿ 2.4 ಮಿ.ಮೀ. ಹರಳು. ಕುಟ್ಟಿ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಒಣ ಬ್ರಷ್‌ನಿಂದ ಚಕ್ರದ ಹಿಂದೆ, ಮಡ್‌ಗಾರ್ಡಿನ ಕೆಳಗೆ, ಹಿಂದಿನ ಬಾಗಿಲಿನ ಮೇಲೆ ಹಚ್ಚಿ. ಬಾನೆಟ್ ಮೇಲೆ ಕಮ್ಮಿ ಇರಲಿ, ಅದನ್ನು ಗಾಡಿಯವರು ಒರೆಸ್ತಿರ್ತಾರೆ.

ನಂಬರ್ ಪ್ಲೇಟಿಗೆ ಹುಣಸೂರಿನ ಕೆಎ-45 ಹಾಕೋ ಆಸೆ ಎಲ್ಲರಿಗೂ ಇರುತ್ತೆ. ಹಾಕಿ, ಆದರೆ ಯಾವ ಕಾಲದ ಜೀಪು ಅಂತ ಮೊದಲು ತೀರ್ಮಾನಿಸಿ. ಈಗಿನ ಮಾದರಿಯ ನೋಂದಣಿ ಸಂಖ್ಯೆ ಬಂದಿದ್ದು 1989ರಲ್ಲಿ. 1970ರ ದಶಕದ ದೃಶ್ಯದಲ್ಲಿ ಕೆಎ ಇರೋಕೆ ಸಾಧ್ಯವಿಲ್ಲ. ಸ್ವಂತದ ಗಾಡಿಗೆ ಬಿಳಿ ಪ್ಲೇಟು, ಬಾಡಿಗೆ ಗಾಡಿಗೆ ಹಳದಿ, ಸರ್ಕಾರದ್ದಾದರೆ ಸಂಖ್ಯೆಗೆ ಮುಂಚೆ 'ಜಿ' ಅಕ್ಷರ.

ಈಗಲೇ ಯಾಕೆ?

ಮೊದಲಲ್ಲಿ ಹೇಳ್ತೀವಿ ಅಂದ ಕಾರಣ ಇದು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುತ್ತಿಲ್ಲ. ರಕ್ಷಣೆ ಮತ್ತು ಕಾನೂನು ಸುವ್ಯವಸ್ಥೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಅಂದರೆ ಇಲಾಖೆಗಳ ಹಿತ್ತಲಲ್ಲಿ ನಿಂತಿರುವ ಹಳೇ ಜೀಪುಗಳ ಮುಂದಿನ ದಾರಿ ಗುಜರಿ. ಖಾಸಗಿಯವರ ಹತ್ತಿರ ಇರುವವೂ ತುಕ್ಕು ಹಿಡಿದು, ಬಿಡಿಭಾಗ ಸಿಗದೆ ಒಂದೊಂದಾಗಿ ಹೋಗ್ತಿವೆ. ಹೊಗೆ, ಸುರಕ್ಷತೆ ಎಲ್ಲ ಯೋಚಿಸಿದ್ರೆ ಆ ನಿಯಮಕ್ಕೆ ಕಾರಣ ಇದೆ, ಅದರ ಮೇಲೆ ನಮ್ಮ ತಕರಾರಿಲ್ಲ. ಆದರೆ ವಿಲ್ಲೀಸ್ ಎಂಬಿಯನ್ನು ಜಗತ್ತೆಲ್ಲ ಅಳೆದು, ನಕ್ಷೆ ಬರೆದು, ಅಚ್ಚು ಹಾಕಿ ಇಟ್ಟಿದೆ. ನಮ್ಮ ಕಡೆಯ ಜೀಪುಗಳನ್ನು ಊರೂರಿನ ಟಿಂಕರಿಂಗ್ ಅಂಗಡಿಗಳಲ್ಲಿ ತಟ್ಟಿ, ಬೆಸುಗೆ ಹಾಕಿ, ಹಿಂದೆ ಬೆಂಚು ಸೇರಿಸಿ, ಟಾಪು ಎತ್ತರಿಸಿ ಬದಲಾಯಿಸಿದ್ದಾರೆ. ಅವು ಆಗಲೇ ಕಸ್ಟಮೈಸ್ ಆದ ಗಾಡಿಗಳು. ಅವುಗಳ ನಕ್ಷೆ ಯಾವ ಕಂಪನಿಯ ಹತ್ತಿರವೂ ಇರೋಲ್ಲ. ಗುಜರಿಗೆ ಹೋದ ಮೇಲೆ ಅಳೆಯೋಕೆ ಏನೂ ಉಳಿಯೋಲ್ಲ.

ಹಾಗಾಗಿ ಕಿಟ್ ಕೊಳ್ಳೋ ದುಡ್ಡು ಈಗ ಇಲ್ಲದಿದ್ದರೂ ಪರವಾಗಿಲ್ಲ, ಅದು ಮುಂದೆ ಯಾವಾಗಲಾದ್ರೂ ಸಿಗುತ್ತೆ. ಈ ಸಲ ಸೆಮಿಸ್ಟರ್ ರಜೆಗೆ ಊರಿಗೆ ಹೋಗುವಾಗ ಒಂದು ಟೇಪು, ಒಂದು ನೋಟ್‌ಬುಕ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ವೀಲ್‌ಬೇಸ್, ಒಟ್ಟು ಉದ್ದ, ಅಗಲ, ನೆಲದಿಂದ ಬಾನೆಟ್‌ನ ಎತ್ತರ, ಮುಂದಿನ ಗ್ಲಾಸಿನ ಎತ್ತರ, ಹಿಂದಿನ ಬಾಗಿಲಿನ ಅಳತೆ, ಊರಲ್ಲಿ ಸೇರಿಸಿದ ಬೆಂಚು ಮತ್ತು ಟಾಪಿನ ಅಳತೆ ಬರೆದುಕೊಳ್ಳಿ. ಎರಡು ಪಕ್ಕ, ಮುಂದೆ, ಹಿಂದೆ, ಮೇಲಿನಿಂದ ಒಂದೊಂದು ಫೋಟೋ ತೆಗೀರಿ. ನಾಲ್ಕು ತಾಲ್ಲೂಕಿನಿಂದ ನಾಲ್ಕು ಜೀಪಿನ ಅಳತೆ ಬಂದ್ರೆ ಸಂಘದ ಕೋಣೆಯಲ್ಲಿ ಕೂತು ನಾಲ್ಕಕ್ಕೂ ರಟ್ಟಿನ ಮಾಕ್‌ಅಪ್ ಮಾಡೋಣ. ರಟ್ಟು, ಟೇಪು, ಕತ್ತರಿ ನಮ್ಮ ಹತ್ತಿರ ಇವೆ, ಹಳೇ ಲಗ್ನಪತ್ರಿಕೆ ಮಾತ್ರ ನೀವು ತನ್ನಿ.